ಹೆಡ್‌ಲೈಟ್ ಮಿಣಮಿಣ, ಬ್ಯಾಟರಿ ಪದೇ ಪದೇ ಡೌನ್: ಕಾಯಿಲ್ ಬಿಚ್ಚಿಸುವ ಮೊದಲು

ಪ್ರಶ್ನೆ: ಸರ್, ನಾನು ತೀರ್ಥಹಳ್ಳಿ ಕಡೆಯವನು. ನನ್ನದು 2014ರ 150 ಸಿಸಿ ಬೈಕ್. ಸೆಲ್ಫ್, ಕಿಕ್ಕರ್ ಎರಡೂ ಇವೆ. ದಿನಾ ಪೇಟೆಗೆ ನಾಲ್ಕು ಕಿಲೋಮೀಟರ್ ಹೋಗಿ ಬರುತ್ತೇನೆ. ಆಗಾಗ ಆಗುಂಬೆ ಘಾಟಿ ಇಳಿದು ಹೆಬ್ರಿಗೆ ಹೋಗುವುದಿದೆ, ವಾಪಸ್ ಬರುವಾಗ ರಾತ್ರಿಯಾಗುತ್ತದೆ. ಐಡ್ಲಿಂಗ್‌ನಲ್ಲಿ ಹೆಡ್‌ಲೈಟ್ ಮಿಣಮಿಣ ಅನ್ನುತ್ತದೆ, ರೈಸ್ ಮಾಡಿದರೆ ಜೋರಾಗುತ್ತದೆ. ಎಂಜಿನ್ ಆಫ್ ಇದ್ದಾಗ ಹತ್ತುವುದೇ ಇಲ್ಲ, ಅದು ಮೊದಲಿಂದಲೂ ಹಾಗೇ. ಈ ವರ್ಷ ಹೆಡ್‌ಲೈಟ್ ಬಲ್ಬ್ ಎರಡು ಸಲ ಸುಟ್ಟಿತು. ಹೊಸ ಬ್ಯಾಟರಿ ಹಾಕಿ ಎಂಟು ತಿಂಗಳಿಗೇ ಸೆಲ್ಫ್ ಎತ್ತುತ್ತಿಲ್ಲ. ಮಂಜಿಗೆ ಬೇಕೆಂದು 20 ವಾಟಿನ ಎರಡು ಎಲ್‌ಇಡಿ ಫಾಗ್ ಲೈಟ್ ಹಾಕಿಸಿದ್ದೇನೆ, ಮೊಬೈಲ್ ಚಾರ್ಜರ್ ಕೂಡ ಇದೆ. ಎರಡಕ್ಕೂ ವೈರ್ ನೇರ ಬ್ಯಾಟರಿಯಿಂದ. ಒಬ್ಬ ಮೆಕ್ಯಾನಿಕ್ ಮೀಟರ್ ಇಟ್ಟು, ಕಾಯಿಲ್‌ನಿಂದ ಗಾಡಿಯ ಬಾಡಿಗೆ (ಲೋಹದ ಮೈಗೆ) ಕಂಟಿನ್ಯೂಟಿ, ಅಂದರೆ ಕರೆಂಟ್ ಹರಿಯುವ ದಾರಿ, ಬರುತ್ತಿದೆ, ಕಾಯಿಲ್ ಶಾರ್ಟ್ ಅಂದರು. ಇನ್ನೊಬ್ಬರು ಆರ್‌ಆರ್ ಯೂನಿಟ್ (ರೆಗ್ಯುಲೇಟರ್-ರೆಕ್ಟಿಫೈಯರ್) ಹೋಗಿದೆ ಅಂತಾರೆ. ಬಿಡಿಭಾಗದ ಅಂಗಡಿಯವರು ಎಲ್‌ಇಡಿ ಬಲ್ಬ್ ಹಾಕಿ, ಎಲ್ಲಾ ಸರಿಹೋಗುತ್ತದೆ ಅಂತಾರೆ. ಯಾರ ಮಾತು ಕೇಳಲಿ? ಬ್ಯಾಟರಿ ಬಿಚ್ಚಿಟ್ಟು ಕಿಕ್ ಹೊಡೆದೇ ಓಡಿಸಿದರೆ ತೊಂದರೆ ಇದೆಯಾ?

ಉತ್ತರ: ನಿಮ್ಮ ಪತ್ರದಲ್ಲಿ ಬೇಕಾದ ವಿವರ ಎಲ್ಲಾ ಇದೆ. ನೀವು ಒಂದೇ ಕಾಯಿಲೆ ಅಂದುಕೊಂಡಿರುವುದು ನನ್ನ ಲೆಕ್ಕದಲ್ಲಿ ಮೂರು. ಲೈಟ್ ಮಂಕಾಗುವುದು ಒಂದು, ಬಲ್ಬ್ ಸುಡುವುದು ಇನ್ನೊಂದು, ಬ್ಯಾಟರಿ ಕೂರುವುದು ಮತ್ತೊಂದು. ಮೂರಕ್ಕೂ ಸೇರಿಸಿ ಒಂದು ಪಾರ್ಟ್ ಬದಲಿಸಿದರೆ ಆಯ್ತು ಅಂತ ಹೊರಟಿದ್ದರಿಂದಲೇ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ.

ಎಂಜಿನ್ ಆಫ್ ಇದ್ದಾಗ ಹೆಡ್‌ಲೈಟ್ ಹತ್ತುವುದಿಲ್ಲ ಅಂದಿರಲ್ಲ, ಅಲ್ಲಿಂದ ಶುರು ಮಾಡೋಣ. ಹಾಗಿದ್ದರೆ ನಿಮ್ಮದು ಎಸಿ ಹೆಡ್‌ಲೈಟ್, ಅಂದರೆ ಎಂಜಿನ್ ತಿರುಗುವಾಗ ಹುಟ್ಟುವ ಕರೆಂಟಿನಿಂದಲೇ ನೇರ ಉರಿಯುವುದು. ಅದಕ್ಕೂ ಬ್ಯಾಟರಿಗೂ ಸಂಬಂಧವೇ ಇಲ್ಲ. ಎಂಜಿನ್ ಪಕ್ಕದ ಕವರ್ ಒಳಗೆ ಮ್ಯಾಗ್ನೆಟ್ ತಿರುಗುತ್ತದೆ, ನಡುವೆ ಕಾಯಿಲ್ ಪ್ಲೇಟ್ ಇರುತ್ತದೆ. ಅಲ್ಲಿ ಹುಟ್ಟುವ ಕರೆಂಟಿನಲ್ಲಿ ಒಂದು ಪಾಲು ನೇರ ಹೆಡ್‌ಲೈಟ್‌ಗೆ ಹೋಗುತ್ತದೆ. ಇನ್ನೊಂದು ಪಾಲು ಆರ್‌ಆರ್ ಯೂನಿಟ್‌ನಲ್ಲಿ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಆಗಿ ಬ್ಯಾಟರಿಗೆ ಹೋಗುತ್ತದೆ. ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್, ಸೆಲ್ಫ್ ಇವೆಲ್ಲ ಬ್ಯಾಟರಿಯ ಲೆಕ್ಕ. ಐಡ್ಲಿಂಗ್‌ನಲ್ಲಿ ಮ್ಯಾಗ್ನೆಟ್ ನಿಧಾನ ತಿರುಗುವುದರಿಂದ ಲೈಟ್ ಕುಗ್ಗುತ್ತದೆ, ರೈಸ್ ಮಾಡಿದರೆ ಏರುತ್ತದೆ. ಇದು ರಿಪೇರಿ ಅಲ್ಲ, ಗಾಡಿ ಇರುವುದೇ ಹಾಗೆ. ಹೊಸ ಬ್ಯಾಟರಿ ಹಾಕಿದರೂ ಹೆಡ್‌ಲೈಟ್ ಒಂದು ಚೂರೂ ಜಾಸ್ತಿಯಾಗುವುದಿಲ್ಲ.

ಈ ಪತ್ರ ಓದುವ ಬೇರೆಯವರಿಗೆ ಒಂದು ಎಚ್ಚರಿಕೆ. 2017ರ ಏಪ್ರಿಲ್ 1ರಿಂದ ಬಂದ ಗಾಡಿಗಳಲ್ಲಿ ಹೆಡ್‌ಲೈಟ್‌ಗೆ ಆಫ್ ಸ್ವಿಚ್ಚೇ ಇಲ್ಲ. ಎಂಜಿನ್ ಸ್ಟಾರ್ಟ್ ಆದ ಮೇಲೆ ತಾನಾಗಿ ಹತ್ತುತ್ತದೆ. ಅಂಥ ಗಾಡಿಯಲ್ಲಿ ಎಂಜಿನ್ ಆಫ್ ಇದ್ದಾಗ ಲೈಟ್ ಬರಲಿಲ್ಲ ಅಂತ ಅದನ್ನು ಎಸಿ ಅಂದುಕೊಳ್ಳಬೇಡಿ, ಡಿಸಿಯೂ ಇರಬಹುದು.

ಈಗ ಮೊದಲ ಮೆಕ್ಯಾನಿಕ್ ಮಾತು. ಕಾಯಿಲ್‌ನಿಂದ ಬಾಡಿಗೆ ಕಂಟಿನ್ಯೂಟಿ ಬಂದರೆ ಕಾಯಿಲ್ ಹೋಗಿದೆ ಅನ್ನುವುದು ಅರ್ಧ ಸತ್ಯ. ಮೂರು ಹಳದಿ ವೈರ್ ಹೊರಬರುವ ತ್ರೀ ಫೇಸ್ ಕಾಯಿಲ್‌ಗೆ ಅದು ಸರಿ. ಅದರ ಯಾವ ವೈರೂ ಬಾಡಿಗೆ ತಾಗಬಾರದು. ನಿಮ್ಮಂಥ ಎಸಿ ಹೆಡ್‌ಲೈಟ್ ಗಾಡಿಯಲ್ಲಿ ಕಾಯಿಲ್‌ನ ಒಂದು ತುದಿಯನ್ನು ಕಂಪನಿಯವರೇ ಬಾಡಿಗೆ ಅರ್ಥ್ ಮಾಡಿರುತ್ತಾರೆ. ಕಂಟಿನ್ಯೂಟಿ ಬರಲೇಬೇಕು, ಬರದಿದ್ದರೇ ಕಾಯಿಲ್ ಕಟ್ಟಾಗಿದೆ ಅಂತ ಅರ್ಥ. ದೊಡ್ಡ ಗಾಡಿಗಳಲ್ಲಿ ಕೈ ಪಳಗಿದವರು ಅದೇ ಅಭ್ಯಾಸದಲ್ಲಿ ಸಣ್ಣ ಗಾಡಿಯ ಕಾಯಿಲ್ ಬಿಚ್ಚಿಸಿಬಿಡುತ್ತಾರೆ. ಆಮೇಲೆ ಗ್ಯಾಸ್ಕೆಟ್, ಎಣ್ಣೆ, ರಿವೈಂಡಿಂಗ್ ಅಂತ ಖರ್ಚು ಬೆಳೆಯುತ್ತಾ ಹೋಗುತ್ತದೆ. ನೀವು ಬಿಚ್ಚಿಸದೆ ಇದ್ದದ್ದು ಒಳ್ಳೆಯದಾಯಿತು.

ಬಲ್ಬ್ ಯಾಕೆ ಸುಡುತ್ತದೆ? ನನಗೆ ನಿಜವಾಗಿ ಅನುಮಾನ ಬಂದಿರುವುದು ಇಲ್ಲಿ. ರೈಸ್ ಮಾಡಿದಾಗ ಕಾಯಿಲ್‌ನಿಂದ ಬರುವ ವೋಲ್ಟೇಜು ಲಂಗುಲಗಾಮಿಲ್ಲದೆ ಏರುತ್ತದೆ. ಅದನ್ನು ಹಿಡಿದು ನಿಲ್ಲಿಸಿ, ಹೆಚ್ಚಾದದ್ದನ್ನು ಬಾಡಿಗೆ ಇಳಿಸುವುದು ಆರ್‌ಆರ್ ಯೂನಿಟ್ ಕೆಲಸ. ಆ ಯೂನಿಟ್‌ನ ಅರ್ಥ್ ಕೆಟ್ಟರೆ ಇಳಿಸಲು ದಾರಿಯೇ ಇರುವುದಿಲ್ಲ, ಪೂರ್ತಿ ಬಲ್ಬ್ ಮೇಲೆ ಬೀಳುತ್ತದೆ. ಘಾಟಿ ಹತ್ತುವಾಗ ಎರಡನೇ ಗೇರಿನಲ್ಲಿ ಎಂಜಿನ್ ಕಿರುಚುತ್ತಿರುತ್ತದೆ ಅಲ್ವಾ, ಆಗಲೇ ಬಲ್ಬ್ ಢಂ ಅನ್ನುವುದು. ಬ್ಯಾಟರಿ ಚಾರ್ಜಿಂಗ್‌ನ ಅಳತೆಯೂ ಇದೇ ಅರ್ಥ್ ಅನ್ನು ನಂಬಿಕೊಂಡಿರುತ್ತದೆ, ಹಾಗಾಗಿ ಅದೂ ಹದ ತಪ್ಪುತ್ತದೆ. ಆರ್‌ಆರ್ ಯೂನಿಟ್ ಒಳಗೇ ಕೆಟ್ಟಿದ್ದರೂ ಇದೇ ಲಕ್ಷಣ ಕಾಣುತ್ತದೆ. ಎರಡನೇ ಮೆಕ್ಯಾನಿಕ್ ಹೇಳಿದ್ದು ಪೂರ್ತಿ ತಪ್ಪಲ್ಲ. ಆದರೆ ಯೂನಿಟ್ ದೂರುವ ಮೊದಲು ಅದರ ಅರ್ಥ್ ನೋಡಬೇಕು.

ಮಲೆನಾಡಿನ ಗಾಡಿಗಳಲ್ಲಿ ನಾನು ಮೊದಲು ಕೈ ಹಾಕುವುದೇ ಅಲ್ಲಿಗೆ. ಸೈಡ್ ಪ್ಯಾನಲ್ ತೆಗೆದರೆ ಅಥವಾ ಟ್ಯಾಂಕ್ ಎತ್ತಿದರೆ ರೆಕ್ಕೆ ರೆಕ್ಕೆಯ ಅಲ್ಯೂಮಿನಿಯಂ ಡಬ್ಬ ಕಾಣುತ್ತದೆ. ಅದರ ಕಪ್ಲರ್ (ವೈರ್ ಸಿಕ್ಕಿಸುವ ಪ್ಲಗ್) ಎಳೆದು ನೋಡಿ. ಬಿಳಿ ಪ್ಲಾಸ್ಟಿಕ್ ಒಂದು ಪಿನ್ನಿನ ಸುತ್ತ ಕಂದು ಬಣ್ಣಕ್ಕೆ ತಿರುಗಿದೆಯಾ? ಅಲ್ಲಿ ಬಿಸಿಯಾಗಿದೆ ಅಂತ ಲೆಕ್ಕ. ಪಿನ್ ಮೇಲೆ ಹಸಿರು ಪುಡಿ ಇದ್ದರೆ ಕಿಲುಬು ಹಿಡಿದಿದೆ. ವೈರನ್ನು ಮೆಲ್ಲಗೆ ಜಗ್ಗಿ. ಕೆಲವು ಸಲ ಹೊರಗಿನ ಸಿಪ್ಪೆ ಗಟ್ಟಿಯಾಗಿದ್ದು, ಒಳಗಿನ ತಾಮ್ರ ಕಪ್ಪಾಗಿ ನಾಲ್ಕೇ ಎಳೆ ಉಳಿದಿರುತ್ತದೆ. ಯೂನಿಟ್ ಕೂರಿಸಿದ ಬೋಲ್ಟ್ ಜಾಗದಲ್ಲಿ ತುಕ್ಕೋ, ಯಾರೋ ಹೊಡೆದ ಪೇಂಟೋ ಇದ್ದರೆ ಎಮರಿ ಪೇಪರ್ ಹಾಕಿ ಲೋಹ ಹೊಳೆಯುವಷ್ಟು ಉಜ್ಜಿ, ಗಟ್ಟಿಯಾಗಿ ಬಿಗಿ ಮಾಡಿ. ಬ್ಯಾಟರಿ ನೆಗೆಟಿವ್ ವೈರ್ ಚಾಸಿಗೆ ಸೇರುವ ಜಾಗಕ್ಕೂ ಇದೇ ಉಪಚಾರ. ಕಪ್ಲರ್ ಪಿನ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ಕರಗಿದ ಕಪ್ಲರ್ ಮಾತ್ರ ಉಜ್ಜಿದರೆ ಸರಿಹೋಗುವುದಿಲ್ಲ, ಕತ್ತರಿಸಿ ಹೊಸದು ಹಾಕಿಸಬೇಕು. ವೈರ್ ತಿರುಚಿ ಟೇಪ್ ಸುತ್ತಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ.

ಬಲ್ಬ್ ಬಗ್ಗೆ ಇನ್ನೆರಡು ಮಾತು. ಹ್ಯಾಲೋಜನ್ ಬಲ್ಬ್ ಹಾಕುವಾಗ ಗಾಜು ಮುಟ್ಟಬಾರದು. ಬೆರಳಿನ ಜಿಡ್ಡು ಕೂತ ಜಾಗ ಜಾಸ್ತಿ ಬಿಸಿಯಾಗಿ ಬಲ್ಬಿನ ಆಯಸ್ಸು ಕಡಿಮೆಯಾಗುತ್ತದೆ. ಇನ್ನು, ನಿಮ್ಮ ಗಾಡಿಗೆ 35 ವಾಟಿನ ಬಲ್ಬ್ ಬಂದಿದ್ದರೆ 35 ವಾಟಿನದೇ ಹಾಕಿ. 60/55 ಅಥವಾ 100/90 ಹಾಕಿಸಿದರೆ ಎಸಿ ಕಾಯಿಲ್‌ಗೆ ಅಷ್ಟು ಕರೆಂಟ್ ಕೊಡುವ ಶಕ್ತಿ ಇಲ್ಲ. ಲೈಟ್ ಇನ್ನೂ ಮಂಕಾಗುತ್ತದೆ, ಹೋಲ್ಡರ್ ಕರಗುತ್ತದೆ. ಬಲ್ಬ್ ತೆಗೆದಾಗ ರಿಫ್ಲೆಕ್ಟರ್ ಒಳಗೊಮ್ಮೆ ಟಾರ್ಚ್ ಬಿಟ್ಟು ನೋಡಿ. ನಿಮ್ಮದು ಹತ್ತು ವರ್ಷ ದಾಟಿದ ಗಾಡಿ. ಒಳಗಿನ ಬೆಳ್ಳಿ ಬಣ್ಣ ಸುಲಿದು ಬೂದಿಯಾಗಿದ್ದರೆ ಯಾವ ಬಲ್ಬ್ ಹಾಕಿದರೂ ರಸ್ತೆಗೆ ಬೆಳಕು ಬೀಳುವುದಿಲ್ಲ. ಹೆಡ್‌ಲೈಟ್ ಡೂಮ್ ಬದಲಿಸುವುದೇ ಅದಕ್ಕಿರುವ ಔಷಧ.

ಬ್ಯಾಟರಿ ವಿಷಯಕ್ಕೆ ಬರೋಣ. ನೀವು ಬೈಯಬೇಕಾದ್ದು ಬ್ಯಾಟರಿ ಕಂಪನಿಯನ್ನಲ್ಲ ಅಂತ ನನಗನ್ನಿಸುತ್ತದೆ.

ಎಸಿ ಹೆಡ್‌ಲೈಟ್ ಗಾಡಿಗಳಲ್ಲಿ ಬ್ಯಾಟರಿಗೆ ಸಿಗುವ ಪಾಲು ತುಂಬಾ ಸಣ್ಣದು. ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್ ಅಷ್ಟಕ್ಕೇ ಲೆಕ್ಕ ಹಾಕಿ ಮಾಡಿದ್ದು ಅದು. ನೀವು ಅದಕ್ಕೆ 40 ವಾಟ್ ಫಾಗ್ ಲೈಟ್ ಸೇರಿಸಿದ್ದೀರಿ. 40 ವಾಟನ್ನು 12.5 ವೋಲ್ಟಿನಿಂದ ಭಾಗಿಸಿದರೆ 3.2 ಆಂಪಿಯರ್. ತೊಟ್ಟಿಗೆ ಸಣ್ಣ ನಲ್ಲಿಯಲ್ಲಿ ನೀರು ಬಿಟ್ಟು ತಳದಲ್ಲಿ ದೊಡ್ಡ ತೂತು ಕೊರೆದ ಹಾಗೆ. ಒಳಗೆ ಬರುವುದಕ್ಕಿಂತ ಒಂದೂವರೆ ಆಂಪಿಯರ್ ಜಾಸ್ತಿ ಹೊರಗೆ ಹೋಗುತ್ತಿದೆ ಅಂತಿಟ್ಟುಕೊಳ್ಳಿ. ನಿಮ್ಮದು 5 ಆಂಪಿಯರ್ ಅವರ್ ಬ್ಯಾಟರಿ (ಒಂದು ಆಂಪಿಯರ್‌ನಂತೆ ಐದು ಗಂಟೆ ಕೊಡುವಷ್ಟು) ಆಗಿದ್ದರೆ ಎರಡು ಗಂಟೆಯೊಳಗೆ ಅರ್ಧ ಖಾಲಿ. ಹೆಬ್ರಿಯಿಂದ ರಾತ್ರಿ ಬಂದು ಗಾಡಿ ನಿಲ್ಲಿಸುತ್ತೀರಿ, ಬೆಳಿಗ್ಗೆ ಚಳಿಯಲ್ಲಿ ಸೆಲ್ಫ್ ಒತ್ತಿದರೆ ಕಟ್ ಕಟ್ ಅನ್ನುತ್ತದೆ.

ಮೊಬೈಲ್ ಚಾರ್ಜರ್ ಕೂಡ ಕಳ್ಳನೇ. ನೇರ ಬ್ಯಾಟರಿಗೆ ಕೊಟ್ಟ ಚಾರ್ಜರ್, ಫೋನ್ ಸಿಕ್ಕಿಸದಿದ್ದರೂ ಒಂದಿಷ್ಟು ಕರೆಂಟ್ ಕುಡಿಯುತ್ತಲೇ ಇರುತ್ತದೆ. 20 ಮಿಲಿ ಆಂಪಿಯರ್ ಅಂದರೂ 24 ಗಂಟೆಗೆ ಸುಮಾರು ಅರ್ಧ ಆಂಪಿಯರ್ ಅವರ್, ಅಂದರೆ ನಿಮ್ಮ ಬ್ಯಾಟರಿಯ ಹತ್ತನೇ ಒಂದು ಪಾಲು, ದಿನಾ. ಮಳೆ ಅಂತ ವಾರ ಗಾಡಿ ತೆಗೆಯದಿದ್ದರೆ ಏನಾಗುತ್ತದೆ ನೀವೇ ಲೆಕ್ಕ ಹಾಕಿ. ನಾಲ್ಕು ಕಿಲೋಮೀಟರ್ ಓಟದಲ್ಲಿ ಸೆಲ್ಫ್ ತಿಂದದ್ದೇ ವಾಪಸ್ ತುಂಬುವುದು ಕಷ್ಟ. ಹೀಗೆ ಅರೆಹೊಟ್ಟೆಯಲ್ಲೇ ದಿನ ಕಳೆಯುವ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಚಾರ್ಜ್ ಹಾಕಿದರೂ ಹಿಡಿಯುವುದಿಲ್ಲ. ಎಂಟು ತಿಂಗಳು ಬಂದಿದ್ದೇ ದೊಡ್ಡದು.

ಬೆಳಿಗ್ಗೆ ಹತ್ತು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟರೆ ಬ್ಯಾಟರಿ ತುಂಬುತ್ತದೆ ಅನ್ನುವವರಿದ್ದಾರೆ. ತುಂಬುವುದಿಲ್ಲ. ಐಡ್ಲಿಂಗ್‌ನಲ್ಲಿ ಚಾರ್ಜಿಂಗ್ ಹೆಸರಿಗಷ್ಟೇ, ಸುಮ್ನೆ ಪೆಟ್ರೋಲ್ ದಂಡ. ಇನ್ನೊಂದು ಅಪಾಯದ ಪರೀಕ್ಷೆ ನಮ್ಮಲ್ಲಿ ರೂಢಿಯಲ್ಲಿದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಕಿತ್ತು, ಗಾಡಿ ಓಡುತ್ತಿದ್ದರೆ ಚಾರ್ಜಿಂಗ್ ಸರಿ ಇದೆ ಅನ್ನುವುದು. ಇದನ್ನು ಯಾರಿಗೂ ಮಾಡಲು ಬಿಡಬೇಡಿ. ಬ್ಯಾಟರಿ ಇಲ್ಲದಾಗ ವೋಲ್ಟೇಜ್ ಎತ್ತರಕ್ಕೆ ಹಾರಿ ಆರ್‌ಆರ್ ಯೂನಿಟ್, ಸಿಡಿಐ (ಪ್ಲಗ್‌ಗೆ ಕಿಡಿ ಕೊಡಿಸುವ ಡಬ್ಬ) ಹೋಗಬಹುದು. ಫ್ಯುಯೆಲ್ ಇಂಜೆಕ್ಷನ್ ಗಾಡಿಯಲ್ಲಾದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯುವೇ ಹೋಗಬಹುದು.

ಅದರ ಬದಲು ಕೆಲವು ನೂರು ರೂಪಾಯಿ ಕೊಟ್ಟು ಒಂದು ಡಿಜಿಟಲ್ ಮಲ್ಟಿಮೀಟರ್ ತನ್ನಿ. ಸುಟ್ಟ ಬಲ್ಬ್‌ಗೆ ಕೊಟ್ಟ ದುಡ್ಡಲ್ಲೇ ಬರುತ್ತದೆ. ಮೊದಲು ಬ್ಯಾಟರಿಯನ್ನು ಹೊರಗಿನ ಚಾರ್ಜರ್‌ನಲ್ಲಿ ಪೂರ್ತಿ ಚಾರ್ಜ್ ಮಾಡಿಸಿ. 5 ಆಂಪಿಯರ್ ಅವರ್ ಬ್ಯಾಟರಿಗೆ ಅರ್ಧ ಆಂಪಿಯರ್‌ನಂತೆ ರಾತ್ರಿಯಿಡೀ ಸಾಕು. ಅವಸರಕ್ಕೆ ಕಾರ್ ಬ್ಯಾಟರಿಗೆ ಹಾಕುವಷ್ಟು ಕರೆಂಟ್ ಹಾಕಬಾರದು. ತೆಗೆದು ಕೆಲವು ಗಂಟೆ ಸುಮ್ಮನೆ ಇಟ್ಟು ಅಳೆಯಿರಿ. 12.6ರಿಂದ 12.8 ಇದ್ದರೆ ತುಂಬಿದೆ. ಮರುದಿನ ಅಳೆದಾಗ ತಾನಾಗಿ 12.4ಕ್ಕಿಂತ ಕೆಳಗೆ ಇಳಿದಿದ್ದರೆ ಬ್ಯಾಟರಿ ಮುಗಿದಿದೆ, ಅದನ್ನಿಟ್ಟುಕೊಂಡು ಮುಂದಿನ ಯಾವ ಪರೀಕ್ಷೆ ಮಾಡಿದರೂ ತಪ್ಪು ಉತ್ತರವೇ ಬರುತ್ತದೆ. ಸೆಲ್ಫ್ ಒತ್ತುವಾಗಲೂ ಮೀಟರ್ ನೋಡಿ. 10ರ ಆಸುಪಾಸಿನಲ್ಲಿ ನಿಂತರೆ ಪರವಾಗಿಲ್ಲ, 9ರ ಕೆಳಗೆ ಕುಸಿದರೆ ಆ ಬ್ಯಾಟರಿಗೆ ದಮ್ಮಿಲ್ಲ.

ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಫಾಗ್ ಲೈಟ್ ಆಫ್ ಇಟ್ಟು, ಸುಮಾರು 4000 ಆರ್‌ಪಿಎಂಗೆ ಏರಿಸಿ ಬ್ಯಾಟರಿ ಮೇಲೇ ಅಳೆಯಿರಿ. 13.8ರಿಂದ 14.5 ಬಂದರೆ ಚಾರ್ಜಿಂಗ್ ಆರೋಗ್ಯವಾಗಿದೆ, ಕಾಯಿಲ್‌ನ ಚಾರ್ಜಿಂಗ್ ಸುತ್ತು ಮುಟ್ಟುವ ಅಗತ್ಯ ಇಲ್ಲ. 13ರ ಕೆಳಗೇ ನಿಂತರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ಓವರ್‌ಚಾರ್ಜ್, ಆರ್‌ಆರ್ ಯೂನಿಟ್ ಅಥವಾ ಅದರ ಅರ್ಥ್ ಕೈಕೊಟ್ಟಿದೆ. ಹಾಗಿದ್ದರೆ ನೀರು ಹಾಕುವ ಬ್ಯಾಟರಿಯಲ್ಲಿ ನೀರು ಬೇಗ ಬೇಗ ಇಳಿಯುತ್ತದೆ, ಸೀಲ್ ಆದದ್ದು ಉಬ್ಬುತ್ತದೆ. ಈಗ ಅದೇ ರೈಸ್‌ನಲ್ಲಿ ಫಾಗ್ ಲೈಟ್ ಹಾಕಿ. ಮುಳ್ಳು ನೋಡುತ್ತಿದ್ದಂತೆ 12.6, 12.5 ಅಂತ ಇಳಿಯುತ್ತಾ ಹೋದರೆ ನಿಮ್ಮ ಬ್ಯಾಟರಿ ತಿಂದದ್ದು ಯಾರು ಅಂತ ಗೊತ್ತಾಯಿತಲ್ಲ. (ಡಿಜಿಟಲ್ ಮೀಟರಿಗೆ ಮುಳ್ಳೆಲ್ಲಿ ಅಂತ ಕೇಳಬೇಡಿ, ಹಳೆ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಈಗಲೂ ಮುಳ್ಳೇ.)

ಅರ್ಥ್ ಪರೀಕ್ಷೆಯನ್ನೂ ಹೀಗೇ ಮಾಡಬಹುದು. ಎಂಜಿನ್ ಓಡುತ್ತಿರುವಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಆರ್‌ಆರ್ ಯೂನಿಟ್‌ನ ಅರ್ಥ್ ವೈರಿಗೆ ಹಿಡಿಯಿರಿ. 0.2 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ನಡುವೆ ಎಲ್ಲೋ ಕಿಲುಬಿದೆ.

ಹೆಡ್‌ಲೈಟ್ ಕಪ್ಲರ್‌ನಲ್ಲಿ ಮೀಟರನ್ನು ಎಸಿಗೆ ತಿರುಗಿಸಿ, ಬಲ್ಬ್ ಉರಿಯುತ್ತಿರುವಾಗಲೇ ಅಳೆಯಬೇಕು. ರೈಸ್ ಮಾಡುತ್ತಾ ಹೋದಂತೆ 13–14ರ ಹತ್ತಿರ ಬಂದು ನಿಂತುಬಿಡಬೇಕು. ನಿಲ್ಲದೆ 16, 18 ಅಂತ ಏರಿದರೆ ಬಲ್ಬ್ ಸುಟ್ಟದ್ದಕ್ಕೆ ಕಾರಣ ಸಿಕ್ಕಿತು. ಅಗ್ಗದ ಮೀಟರ್‌ಗಳು ಆರ್‌ಆರ್ ಯೂನಿಟ್ ಕತ್ತರಿಸಿ ಕೊಡುವ ಈ ಎಸಿಯನ್ನು ಸರಿಯಾಗಿ ಓದುವುದಿಲ್ಲ, ಒಂದೆರಡು ವೋಲ್ಟ್ ಆಚೀಚೆ ತೋರಿಸುತ್ತವೆ. ಹಾಗಾಗಿ ಅಂಕಿಗಿಂತ, ಅದು ನಿಲ್ಲುತ್ತದೋ ಏರುತ್ತಲೇ ಇರುತ್ತದೋ ಅನ್ನುವುದನ್ನು ನೋಡಿ. ರೈಸ್ ಮಾಡಿದರೂ 10–11 ದಾಟದಿದ್ದರೆ ಸ್ವಿಚ್, ಕಪ್ಲರ್, ಕಾಯಿಲ್ ಈ ಕ್ರಮದಲ್ಲಿ ಹುಡುಕಬೇಕು. ಡಿಪ್ ಸ್ವಿಚ್ ಒಳಗಿನ ಕಾಂಟ್ಯಾಕ್ಟ್ ಕಪ್ಪಾಗಿದ್ದರೂ ಸಾಕು, ಹ್ಯಾಲೋಜನ್‌ಗೆ ಸಿಗುವ ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ.

ಕೊನೆಗೂ ಕಾಯಿಲ್ ಮೇಲೇ ಅನುಮಾನ ಉಳಿದರೆ, ಕಪ್ಲರ್ ಬಿಚ್ಚಿ ಕಾಯಿಲ್ ಕಡೆಯ ವೈರಿನಿಂದ ಬಾಡಿಗೆ ಓಮ್ ನೋಡಿಸಿ. ಬರುವುದು ತೀರಾ ಸಣ್ಣ ಅಂಕಿ. ಮೀಟರಿನ ಎರಡು ಕಡ್ಡಿ ಸೇರಿಸಿದಾಗ ತೋರಿಸುವ ಅಂಕಿಯನ್ನು ಅದರಿಂದ ಕಳೆದು, ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ಜೊತೆ ಹೋಲಿಸಬೇಕು. ತಣ್ಣಗಿದ್ದಾಗ ಸರಿ ಇದ್ದು ಬಿಸಿಯಾದ ಮೇಲೆ ಕೈಕೊಡುವ ಕಾಯಿಲ್‌ಗಳೂ ಉಂಟು. ಅರ್ಧ ಗಂಟೆ ಓಡಿಸಿ ಬಂದು ಇನ್ನೊಮ್ಮೆ ನೋಡಿಸಿ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಅರ್ಥ್, ಕಪ್ಲರ್ ಶುಚಿ ಮಾಡಿದ ಮೇಲೂ ವೋಲ್ಟೇಜ್ ಏರುತ್ತಿದ್ದರೆ ಆರ್‌ಆರ್ ಯೂನಿಟ್ ಬದಲಿಸಿ. ನಿಮ್ಮ ಮಾಡೆಲ್‌ಗೆ ಬರುವುದೇ ಬೇಕು. ಪಿನ್ ಒಂದೇ ಥರ ಕಂಡರೂ ವೈರಿನ ಜಾಗ ಕಂಪನಿಯಿಂದ ಕಂಪನಿಗೆ ಬೇರೆ, ಕೂಡುತ್ತದೆ ಅಂತ ಸಿಕ್ಕಿಸಿದರೆ ಹೊಗೆ ಬರುತ್ತದೆ. ಕಾಯಿಲ್ ನಿಜಕ್ಕೂ ಹೋಗಿದ್ದರೆ ಹೊಸದೇ ಹಾಕಿಸುವುದು ನನ್ನ ಮತ. ರಿವೈಂಡಿಂಗ್ ಅಗ್ಗ, ಒಳ್ಳೆಯ ಕೈ ಸಿಕ್ಕರೆ ವರ್ಷಗಟ್ಟಲೆ ಬರುತ್ತದೆ. ಬಿಸಿ ಎಣ್ಣೆ ತಡೆಯುವ ತಂತಿ, ವಾರ್ನಿಷ್ ಬಳಸದಿದ್ದರೆ ಒಂದೇ ಬೇಸಿಗೆ.

ಎಲ್‌ಇಡಿ ಬಲ್ಬ್ ನಿಮ್ಮ ಗಾಡಿಗೆ ನಾನು ಬೇಡ ಅನ್ನುತ್ತೇನೆ. ಡಿಸಿಗೆಂದೇ ಮಾಡಿದ್ದನ್ನು ಎಸಿ ಲೈನಿಗೆ ಹಾಕಿದರೆ ಮಿಟುಕುತ್ತದೆ, ಬೇಗ ಸಾಯುತ್ತದೆ. ಬ್ಯಾಟರಿಯಿಂದ ಲೈನ್ ಎಳೆದು ಹಾಕಿದರೆ ಈಗಾಗಲೇ ಸೋತ ಬ್ಯಾಟರಿಗೆ ಇನ್ನೊಂದು ಹೊರೆ. ಎಲ್ಲಕ್ಕಿಂತ ಹೆಚ್ಚಾಗಿ, ಹ್ಯಾಲೋಜನ್‌ಗೆ ಮಾಡಿದ ರಿಫ್ಲೆಕ್ಟರ್‌ನಲ್ಲಿ ಎಲ್‌ಇಡಿ ಬೆಳಕು ಚದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಆಗುಂಬೆಯ ತಿರುವುಗಳಲ್ಲಿ ಎದುರು ಬರುವ ಬಸ್ ಡ್ರೈವರ್‌ಗೆ ಅರೆಕ್ಷಣ ಕಣ್ಣು ಕತ್ತಲೆ ಬಂದರೆ ಕಷ್ಟ ಇಬ್ಬರಿಗೂ.

ಇಡೀ ಗಾಡಿಯನ್ನು ಡಿಸಿ ಮಾಡಿಸುವ ದಾರಿಯೂ ಇದೆ. ಕಾಯಿಲ್‌ನ ಅರ್ಥ್ ತುದಿಯನ್ನು ಬಾಡಿಯಿಂದ ಬಿಡಿಸಿ ಹೊರತಂದು, ಫುಲ್ ವೇವ್ (ಎಸಿಯ ಎರಡೂ ಅರ್ಧವನ್ನು ಡಿಸಿ ಮಾಡುವ) ಆರ್‌ಆರ್ ಯೂನಿಟ್ ಹಾಕುತ್ತಾರೆ. ಪೂರ್ತಿ ಕರೆಂಟ್ ಬ್ಯಾಟರಿ ಮೂಲಕ ಬರುವುದರಿಂದ ಐಡ್ಲಿಂಗ್‌ನಲ್ಲೂ ಲೈಟ್ ಸ್ಥಿರ, ಫಾಗ್ ಲೈಟಿಗೂ ಸ್ವಲ್ಪ ಜಾಗ ಸಿಗುತ್ತದೆ. ನಿಮ್ಮಂತೆ ರಾತ್ರಿ ಘಾಟಿ ಹತ್ತುವವರಿಗೆ ಇದರ ಲಾಭ ಇದೆ. ಅಪಾಯವೂ ಇದೆ. ಈಗ ಬ್ಯಾಟರಿ ಸತ್ತರೂ ಕಿಕ್ ಹೊಡೆದರೆ ಹೆಡ್‌ಲೈಟ್ ಬರುತ್ತದೆ. ಡಿಸಿ ಆದ ಮೇಲೆ ಫ್ಯೂಸ್ ಹಾರಿದರೆ ನಡುಘಾಟಿಯಲ್ಲಿ ಪೂರ್ತಿ ಕತ್ತಲು. ವೈರಿಂಗ್ ಓದಲು ಬರುವವರು ಸಿಕ್ಕರೆ ಮಾತ್ರ ಕೈ ಹಾಕಿಸಿ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್) ಕಿಟ್ ಹಾಕಿಸಿ ಅಂತಲೂ ಯಾರಾದರೂ ಹೇಳಬಹುದು. ಅದು ಡಿಸಿ ಹೆಡ್‌ಲೈಟಿಗೆ ಒಳ್ಳೆಯದು, ಎಸಿ ಲೈನಿನಲ್ಲಿ ರಿಲೇ ಜೀರುಂಡೆಯಂತೆ ಕಿರ್ ಅನ್ನುತ್ತದೆ ಅಷ್ಟೆ.

ಸದ್ಯಕ್ಕೆ ಹೆಚ್ಚು ಖರ್ಚಿಲ್ಲದ ಕೆಲಸ ಇಷ್ಟು: ಫಾಗ್ ಲೈಟ್ ಮತ್ತು ಚಾರ್ಜರ್ ಎರಡನ್ನೂ ಕೀ ಆನ್ ಆದಾಗ ಮಾತ್ರ ಬರುವ ಲೈನಿನಿಂದ ರಿಲೇ ಹಾಕಿ ಕೊಡಿಸಿ (ಇದು ಡಿಸಿ ಲೈನ್, ಇಲ್ಲಿ ರಿಲೇ ಸರಿ). ಬ್ಯಾಟರಿ ಹತ್ತಿರವೇ ಫ್ಯೂಸ್ ಇರಲಿ. ಹಾರಿದ ಫ್ಯೂಸಿಗೆ ಸಿಗರೇಟ್ ಹಾಳೆ ಸುತ್ತುವ ಚಾಳಿ ಬೇಡ, ವೈರಿಂಗ್ ಸುಡುತ್ತದೆ. ಫಾಗ್ ಲೈಟನ್ನು ಮಂಜಿರುವ ಕಡೆ ಹಾಕಿ, ದಾಟಿದ ಮೇಲೆ ಆಫ್ ಮಾಡಿ. ದಟ್ಟ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಮುಂದೆ ಬಿಳಿ ಗೋಡೆಯೇ ಕಾಣುವುದು, ಡಿಮ್ಮೇ ಸರಿ. ಹೊಸ ಬ್ಯಾಟರಿ ತರುವುದಾದರೆ ಆಸಿಡ್ ತುಂಬಿದ ಕೂಡಲೇ ಗಾಡಿಗೆ ಹಾಕಿಕೊಡಲು ಬಿಡಬೇಡಿ, ಮೊದಲ ಚಾರ್ಜ್ ಅಂಗಡಿಯಲ್ಲೇ ಪೂರ್ತಿ ಆಗಲಿ.

ಕೊನೆಯ ಪ್ರಶ್ನೆ, ಬ್ಯಾಟರಿ ಬಿಚ್ಚಿಟ್ಟು ಓಡಿಸುವುದು. ಬೇಡ. ಕಿಕ್ ಹೊಡೆದರೆ ಗಾಡಿ ಸ್ಟಾರ್ಟ್ ಆಗಬಹುದು. ಆದರೆ ಏರಿಳಿತ ತಡೆದುಕೊಳ್ಳಲು ಬ್ಯಾಟರಿ ಇಲ್ಲದೆ ಇಂಡಿಕೇಟರ್, ಬ್ರೇಕ್ ಲೈಟ್ ಬಲ್ಬ್‌ಗಳು ಸುಡುತ್ತವೆ, ಆರ್‌ಆರ್ ಯೂನಿಟ್ ಕೂಡ ಹೋಗಬಹುದು. ಸೆಲ್ಫ್ ಎತ್ತದಷ್ಟು ಸೋತ ಬ್ಯಾಟರಿಯಾದರೂ ಕನೆಕ್ಷನ್‌ನಲ್ಲೇ ಇರಲಿ, ಕಿಕ್ ಹೊಡೆದು ಮನೆ ಸೇರಿ. ಅದು ಉಬ್ಬಿದ್ದರೆ ಅಥವಾ ಮುಟ್ಟಿದರೆ ಸುಡುತ್ತಿದ್ದರೆ ಮಾತ್ರ ಅದರಲ್ಲಿ ಓಡಿಸಬೇಡಿ. ಗಾಡಿ ಅಲ್ಲೇ ನಿಲ್ಲಿಸಿ ಬೇರೆ ಬ್ಯಾಟರಿ ತರಿಸಿ.